ಆರನೇ ಪುಟದ ‘ಅವರು’

ನಾನು ನಿವೃತ್ತಳಾದ ಮೇಲೆ ಗ್ರಂಥಾಲಯದಲ್ಲಿ ನನ್ನ ಕುರ್ಚಿಗೆ ಬಂದ ಹುಡುಗಿ ಫೋನ್ ಮಾಡಿ, “ಮೇಡಮ್, ಈ ಕೆಲಸ ನಿಜಕ್ಕೂ ಹೇಗಿತ್ತು ಅಂತ ಬರೆದುಕೊಡಿ, ಹೊಸಬರಿಗೆ ಬೇಕು” ಎಂದಳು. ‘ನಿಜಕ್ಕೂ’ ಎಂಬ ಮಾತೇ ನನಗೆ ತೊಂದರೆ. ನೆನಪು ಬೇರೆಯವರು ಆಡಿದ್ದನ್ನು ನನ್ನ ಬಾಯಿಗೆ ಹಾಕುತ್ತದೆ, ಎರಡು ದಿನಗಳನ್ನು ಹೊಲಿದು ಒಂದೇ ದಿನ ಮಾಡುತ್ತದೆ, ಹೊಲಿಗೆ ಕಾಣದಂತೆ ಇಸ್ತ್ರಿಯನ್ನೂ ಹೊಡೆಯುತ್ತದೆ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಇಂಥದ್ದನ್ನೇ ಹುಡುಕಲು ಸಂಬಳ ಪಡೆದವಳು ನಾನು. ಆದ್ದರಿಂದ ಇಲ್ಲಿ ಒಂದು ನಿಯಮ ಹಾಕಿಕೊಂಡಿದ್ದೇನೆ. ಯಾವ ಮಾತು ಎಲ್ಲಿಂದ ಬಂತು ಎಂದು ಕಂಸದಲ್ಲಿ ಹೇಳುತ್ತೇನೆ. ಹೇಳದೆ ಬಿಟ್ಟಲ್ಲಿ ನೀವು ಅನುಮಾನಿಸಿ.

ನಾನು ಬಾಲಾನಗರದ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪ ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮನೆಯಲ್ಲಿ ಬಾಗಲಕೋಟೆ ಕಡೆಯ ಕನ್ನಡ, ಮೆಟ್ಟಿಲಿಳಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ಕೂಕಟ್‌ಪಲ್ಲಿ ಬದಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿ ಸೇರಿದಾಗ ಕೃತಿಚೌರ್ಯ ಹಿಡಿಯುವ ಉಪಕರಣವೆಂದರೆ ಮೂಗು. ಒಂದು ವಾಕ್ಯ ಹುಡುಗನದು, ಮುಂದಿನದು ಯಾರೋ ಪ್ರೊಫೆಸರರದು ಎಂದರೆ ಗಾಳಿ ಬದಲಾದಂತೆ ತಿಳಿಯುತ್ತಿತ್ತು.

ಒಬ್ಬ ಫಾರ್ಮಸಿ ವಿದ್ಯಾರ್ಥಿ ಪಟಾನ್‌ಚೆರುವಿನ ಕೆರೆನೀರಿನ ಮೇಲೆ ವರದಿ ಬರೆದಿದ್ದ. ಮಾದರಿಗಳನ್ನು ‘ಇಳಿತದ ಹೊತ್ತಿನಲ್ಲಿ, ಅಲೆಗಳು ಹಿಂದೆ ಸರಿದ ಮೇಲೆ’ ಸಂಗ್ರಹಿಸಲಾಯಿತು ಎಂದಿತ್ತು. ಕರೆಸಿ ಕೇಳಿದೆ: “ಪಟಾನ್‌ಚೆರುವಿಗೆ ಸಮುದ್ರ ಯಾವಾಗ ಬಂತಪ್ಪಾ?” ಅವನು ಸ್ವಲ್ಪವೂ ಅಳುಕದೆ, “ಮೇಡಮ್, ಪದ್ಧತಿ ಮಾತ್ರ ತಗೊಂಡೆ, ನೀರು ನನ್ನದೇ” ಎಂದ. ನೀರು ನಿಜಕ್ಕೂ ಅವನದೇ. ಬಾಟಲಿಗಳನ್ನು ಹೊತ್ತು ಕಾರ್ಮಿಕರ ಬಸ್ಸಿನಲ್ಲಿ ಹೋಗಿ ಬಂದಿದ್ದ, ಬಟ್ಟೆಯೆಲ್ಲಾ ಕೆಸರು ಮಾಡಿಕೊಂಡಿದ್ದ. ಕೆಸರಿನ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ. ತಾನು ಮಾಡಿದ್ದು ಬರೆಯಲು ಲಾಯಕ್ಕಲ್ಲ, ಅಚ್ಚಾಗಿರುವುದೇ ಲಾಯಕ್ಕು ಎಂದು ನಂಬಿದ್ದ. ಹೊಸಬರೇ, ನಿಮ್ಮ ಮುಂದೆ ಬರುವ ಕಳ್ಳರಲ್ಲಿ ಹೆಚ್ಚಿನವರು ಇಂಥವರು. ಬೈಯುವ ಮೊದಲು ಬಟ್ಟೆಯ ಮೇಲಿನ ಕೆಸರು ನೋಡಿ. (ಆಕರ: ನನ್ನ ನೆನಪು. ಅಲೆಗಳ ವಾಕ್ಯ ಹೀಗೇ ಇತ್ತೆಂದು ಆಣೆ ಮಾಡಲಾರೆ. ಕೆಸರು ಖಂಡಿತ ಇತ್ತು.)

ಆಮೇಲೆ ಸಾಫ್ಟ್‌ವೇರ್ ಬಂತು. ಪ್ರಬಂಧ ತುರುಕಿದರೆ ಬಣ್ಣಬಣ್ಣದ ಗೆರೆ ಎಳೆದು, ಇಷ್ಟು ಶೇಕಡಾ ಬೇರೆಡೆ ಇದೆ ಎಂದು ಒಂದು ಅಂಕಿ ಉಗುಳುತ್ತಿತ್ತು. ಅವತ್ತಿನಿಂದ ಗ್ರಂಥಾಲಯದಲ್ಲಿ ‘ಎಲ್ಲಿಂದ ತಗೊಂಡೆ?’ ಎಂಬ ಪ್ರಶ್ನೆ ಸತ್ತು, ‘ಎಷ್ಟು ಬಂತು?’ ಎಂಬುದು ಹುಟ್ಟಿತು. ಅಂಕಿ ಇಳಿಸಲು ಹುಡುಗರು ಪ್ರತಿ ಪದಕ್ಕೂ ಇನ್ನೊಂದು ಪದ ಇಟ್ಟರು. ಹೃದಯ ವೈಫಲ್ಯವು ‘ಎದೆಯ ಸೋಲು’ ಎಂಬರ್ಥದ ಇಂಗ್ಲಿಷಾಯಿತು, ರಕ್ತದೊತ್ತಡವು ‘ನೆತ್ತರಿನ ಒತ್ತಾಯ’ವಾಯಿತು. ಯಂತ್ರ ಪಾಸು ಮಾಡಿತು.

ಸಮಾಜಕಾರ್ಯ ವಿಭಾಗದ ಮುಖ್ಯಸ್ಥ ಮೂರ್ತಿ ಸಾರ್ ಒಳ್ಳೆಯ ಮನುಷ್ಯ, ಅಂಕಿಯ ಭಕ್ತ. “ನನ್ನ ವಿಭಾಗದಲ್ಲಿ ಸೊನ್ನೆ ಬರಬೇಕು” ಎಂದು ಸುತ್ತೋಲೆ ಹೊರಡಿಸಿದರು. ಯಂತ್ರ ಆಕರಸೂಚಿಯ ಪುಸ್ತಕಗಳ ಹೆಸರುಗಳಿಗೂ ಗೆರೆ ಎಳೆಯುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಹುಡುಗರಿಗೆ ತಿಳಿದಿತ್ತು. ಆ ವರ್ಷ ಪ್ರಬಂಧಗಳು ಆಕರಸೂಚಿಯೇ ಇಲ್ಲದೆ ಬಂದವು. ಉದ್ಧರಣ ಚಿಹ್ನೆ, ಲೇಖಕರ ಹೆಸರು, ಪುಟಸಂಖ್ಯೆ ಎಲ್ಲ ಕಿತ್ತುಹಾಕಿ ಥಳಥಳ ಹೊಳೆಯುತ್ತಿದ್ದವು. ನಾನು ಒಂದು ಹೊರೆ ಹೊತ್ತುಕೊಂಡು ಅವರ ಕೋಣೆಗೆ ಹೋದೆ.

“ಸಾರ್, ಸೊನ್ನೆ ಬಂದಿದೆ.”

“ಭೇಷ್!”

“ಹೆಸರುಗಳೂ ಸೊನ್ನೆ.”

ಅವರು ಒಂದೊಂದೇ ಮಗುಚಿ ನೋಡಿದರು. ಸುತ್ತೋಲೆ ಹಿಂದಕ್ಕೆ ಬಂತು. ಸೊನ್ನೆಯ ಮೇಲಿನ ಪ್ರೀತಿ ಪೂರ್ತಿ ಹೋಗಲಿಲ್ಲ. (ಆಕರ: ಮೂರ್ತಿ ಸಾರ್ ಸ್ವತಃ. ನನ್ನ ನಿವೃತ್ತಿಯ ದಿನ ಈ ಕಥೆಯನ್ನು ಅವರೇ ಎಲ್ಲರ ಮುಂದೆ ಹೇಳಿದರು. ನನ್ನ ಎರಡನೇ ಮಾತು ಅವರು ಹೇಳುವಾಗ ಇಷ್ಟು ಚೂಪಾಗಿರಲಿಲ್ಲ, ನಾನು ಹರಿತ ಮಾಡಿರಬಹುದು.)

ಅಂಕಿಯನ್ನು ನಂಬಬಾರದೆಂದು ನನಗೆ ಪೂರ್ತಿ ಅರ್ಥವಾದದ್ದು ನೀಲಮ್ಮನಿಂದ.

ನೀಲಮ್ಮ ಲಿಂಗಸೂಗೂರು ಕಡೆಯವಳು. ಗಂಡ, ಅತ್ತೆ, ಮಾವ ಕೂಕಟ್‌ಪಲ್ಲಿಯ ಎತ್ತರದ ಫ್ಲ್ಯಾಟುಗಳ ಕಟ್ಟಡ ಕೆಲಸಕ್ಕೆ ಬಂದವರು. ಮದುವೆಯಾದ ಮೇಲೆ ಓದು ಮುಂದುವರಿಸಿ ಸಮಾಜಕಾರ್ಯದ ಎಂ.ಎ. ಕೊನೆಯ ವರ್ಷಕ್ಕೆ ಬಂದಿದ್ದಳು. ಪ್ರಬಂಧದ ವಿಷಯ ಕಟ್ಟಡ ಕಾರ್ಮಿಕರ ಸುರಕ್ಷತೆ. ಪಟಾನ್‌ಚೆರುವಿನ ಒಂದು ಕಾರ್ಮಿಕ ಸಂಘದಲ್ಲಿ ಕೆಲಸಕ್ಕೆ ಆಯ್ಕೆಯೂ ಆಗಿತ್ತು. ಪದವಿ ಕೈಗೆ ಬಂದರೆ ಕೆಲಸ, ಬರದಿದ್ದರೆ ಅದು ಬೇರೆಯವರ ಪಾಲು.

ಅವಳ ಪ್ರಬಂಧಕ್ಕೆ ಯಂತ್ರ ಕೊಟ್ಟ ಅಂಕಿ ಎಷ್ಟು ಚಿಕ್ಕದೆಂದರೆ ಮೂರ್ತಿ ಸಾರ್ ಅದನ್ನು ಗೋಡೆಗೆ ಅಂಟಿಸುವುದೊಂದು ಬಾಕಿ. ಪ್ರಬಂಧವನ್ನು ಹೊರಗಿನ ಪರೀಕ್ಷಕ ರೆಡ್ಡಿ ಸಾರ್‌ಗೆ ಕಳಿಸಿದರು. ಅವರಿಂದ ಸಿಟ್ಟಿನ ಉತ್ತರ ಬಂತು. ನಾಲ್ಕನೇ ಅಧ್ಯಾಯವನ್ನು ತಾನು ತೆಲುಗಿನಲ್ಲಿ ಓದಿದ್ದೇನೆ, ಅದು ‘ಮೇಲೇರುವ ಮುಂಚೆ’ ಎಂಬ ಅರ್ಥದ ಹೆಸರಿನ, ಕಾರ್ಮಿಕ ಸಂಘದವರು ಅಚ್ಚು ಹಾಕಿದ ಕೈಪಿಡಿ, ತರಗತಿಯಲ್ಲಿ ತಾನೇ ಅದನ್ನು ಪಾಠ ಮಾಡುತ್ತೇನೆ. ಪುಸ್ತಕದಲ್ಲಿ ‘ಒಬ್ಬ ಮೇಸ್ತ್ರಿ ಬರೆದದ್ದು’ ಎಂದಷ್ಟೇ ಇದೆ, ಹೆಸರಿಲ್ಲ ಎಂದ ಮಾತ್ರಕ್ಕೆ ಕೂಲಿಯವರ ಬರಹ ವಾರಸುದಾರರಿಲ್ಲದ್ದೇ? ಎಂದು ಕೇಳಿದ್ದರು. ಯಂತ್ರ ಇಂಗ್ಲಿಷನ್ನು ಇಂಗ್ಲಿಷಿನ ಪಕ್ಕ ಇಟ್ಟು ನೋಡಿತ್ತು. ರೆಡ್ಡಿ ಸಾರ್ ತೆಲುಗಿನ ಪಕ್ಕ ಇಟ್ಟಿದ್ದರು.

ಮೌಖಿಕ ಪರೀಕ್ಷೆಯಲ್ಲೇ ತೀರ್ಮಾನ ಎಂದಾಯಿತು. ಹೆಸರು ಬಿಟ್ಟುಹೋಗಿದ್ದರೆ ತಿದ್ದಿ ಕೊಡಬಹುದು. ಮುಚ್ಚಿಟ್ಟದ್ದಾದರೆ ಪ್ರಬಂಧ ರದ್ದು, ವರ್ಷ ಹೋಯಿತು.

ನೀಲಮ್ಮ ಗ್ರಂಥಾಲಯಕ್ಕೆ ಬಂದಳು. ನಾಲ್ಕನೇ ಅಧ್ಯಾಯ ಬಿಡಿಸಿದೆ. ಪುಟಪುಟದಲ್ಲೂ ಇಂಗ್ಲಿಷಿನಲ್ಲಿ ‘ಅವರು ಹೇಳುವಂತೆ’, ‘ಅವರು ಬರೆದಿರುವಂತೆ’.

“ಏನವ್ವಾ, ಯಾರು ಈ ಅವರು?”

“ಅವರೇ ರೀ.”

“ಅವರೇ ಅಂದ್ರ?”

“ಅಯ್ಯ, ಅವರೇ ರೀ ಮೇಡಮ್. ನಮ್ಮ ಮನ್ಯಾಗಿನವರು!” ಎಂದು ಸೆರಗು ಬಾಯಿಗೆ ಹಿಡಿದಳು.

ಕೈಪಿಡಿ ಬರೆದವನು ಅವಳ ಗಂಡ. ಮೇಸ್ತ್ರಿ. ಪರಂಜಾ, ಅಂದರೆ ಕಟ್ಟಡದ ಸುತ್ತ ಬಿದಿರಿನ ಗಳ ಕಟ್ಟಿ ಏರುವ ಅಟ್ಟಣೆ, ಅದನ್ನು ಕಟ್ಟುವುದರಲ್ಲಿ ಪಳಗಿದವನು. ಕನ್ನಡದಲ್ಲಿ ಬರೆದುಕೊಟ್ಟದ್ದನ್ನು ಸಂಘದವರು ತೆಲುಗಿಗೆ ತಂದು ಸಂಘದ ಹೆಸರಿನಲ್ಲಿ ಅಚ್ಚು ಹಾಕಿದ್ದರು. ನೀಲಮ್ಮ ಅವನ ಕನ್ನಡದಿಂದಲೇ ತೆಗೆದುಕೊಂಡಿದ್ದಳು.

“ಹೆಸರ ಹಾಕೂದು ಬಿಟ್ಟು ‘ಅವರು’ ಅಂತ ಯಾಕ ಬರದಿ?”

“ಬರದಿಲ್ರಿ, ಹೇಳೀನಿ. ಎಲ್ಲಾ ಫೋನಿಗೆ ಬಾಯಿಲೆ ಹೇಳಿ ಬರಸಿದ್ದು. ಟೈಪ್ ಮಾಡಾಕ ಕಂಪ್ಯೂಟರ್ ಎಲ್ಲಿಂದ ತರ್ಲಿ? ಇರೂದು ಒಂದ ಖೋಲಿ. ಅತ್ತಿ ಬಾಜೂಕ ಕುಂತು ರೊಟ್ಟಿ ಬಡೀತಿರ್ತಾರ. ಅವರ ಮುಂದ ಗಂಡನ ಹೆಸರ ಹಿಡದು ಹೆಂಗ ಅನ್ನೂದ್ರಿ?”

ಹೇಳಿದ್ದನ್ನು ಫೋನು ಬರೆದುಕೊಂಡಿತ್ತು, ಫೋನೇ ಇಂಗ್ಲಿಷು ಮಾಡಿತ್ತು, ಆಮೇಲೆ ಇವಳು ಕೂತು ತಿದ್ದಿದ್ದಳು. ‘ಅವರು’ ಕನ್ನಡದಿಂದ ಇಂಗ್ಲಿಷಿಗೆ ದಾಟಿದರೂ ಹೆಸರಿಲ್ಲದೆಯೇ ದಾಟಿದ್ದರು.

“ತಿದ್ದುವಾಗರೆ ಹಾಕಬೇಕಿತ್ತಲ್ಲ?”

ಅವಳು ಯೋಚಿಸಿದಳು. “ಮರತೆ ಅಂದ್ರ ಸುಳ್ಳಾಕ್ಕೈತಿ ಮೇಡಮ್. ‘ಅವರು’ ಅಂತ ಓದಿದಾಗೆಲ್ಲಾ ನನಗ ಅವರ ಮಾರಿ ಕಾಣತಿತ್ತು. ಬ್ಯಾರೇದವರಿಗೆ ಕಾಣೂದಿಲ್ಲ ಅಂತ ಹೊಳೀಲೇ ಇಲ್ಲ.”

ಆಕರ ಸೂಚಿಸುವುದರ ಬಗ್ಗೆ ನಾನು ಎಷ್ಟೋ ಉಪನ್ಯಾಸ ಕೊಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯ ವಿವರಣೆ ನನ್ನಿಂದ ಬಂದಿಲ್ಲ. ನನಗೆ ಕಾಣುವ ಮುಖ ಓದುವವರಿಗೂ ಕಾಣುವಂತೆ ಮಾಡುವುದೇ ಆಕರ. (ಆಕರ: ನೀಲಮ್ಮ. ಮಾತು ಅವಳದು, ಬೋಧನೆಯ ಧಾಟಿ ಮಾತ್ರ ನನ್ನದು.)

ತಿದ್ದುಪಡಿ ಸಿದ್ಧ ಮಾಡಿದೆವು. ಕೈಪಿಡಿ ಅಚ್ಚಾದದ್ದು ಸಂಘದ ಹೆಸರಿನಲ್ಲಿ, ಹಾಗಾಗಿ ಆಕರಸೂಚಿಯಲ್ಲಿ ಸಂಘದ ಹೆಸರು. ಬರೆದವರು ಅವಳ ಗಂಡ ಮಲ್ಲಪ್ಪ ಎಂಬುದಕ್ಕೆ ಬೇರೆ ಟಿಪ್ಪಣಿ. ಗಂಡನ ಕನ್ನಡ ಹಸ್ತಪ್ರತಿಗೆ ಇನ್ನೊಂದು. ಪ್ರತಿ ‘ಅವರು’ ಇದ್ದಲ್ಲಿ ಹೆಸರು, ಪುಟ. ಅವಳು ತಾನೇ ಕೈಯಿಂದ ಬರೆದಳು, ಒಂದು ಚೂರೂ ತಡೆಯಲಿಲ್ಲ.

“ಬರೀತಿಯಲ್ಲ! ಹಂಗಾದ್ರ ಬಾಯಿಲೆ ಅನ್ನಾಕ ಏನ ಧಾಡಿ?”

“ಬರೆಯೂದು ಬ್ಯಾರೆ ರೀ. ಫಾರಮ್‌ನ್ಯಾಗೆಲ್ಲಾ ಬರದಿಲ್ಲೇನು?” ಅವಳ ದನಿ ಇಳಿಯಿತು. “ಹೆಂಡ್ತಿ ಬಾಯಾಗ ಹೆಸರ ಬಂದ್ರ ಗಂಡನ ಆಯುಷ್ಯ ಕಡಿಮಿ ಆಕ್ಕೈತಿ ಅಂತಾರ. ನಾ ನಂಬೂದಿಲ್ರಿ. ಆದ್ರ ಅವರು ದಿನಾ ಗಳ ಹಿಡದು ಮ್ಯಾಲ ಏರತಾರ. ನಾ ಅಂದ ದಿನಾನೇ ಏನರೆ ಆದ್ರ?”

ನಂಬದಿರುವುದು ಸುಲಭ, ಗಂಡ ನೆಲದ ಮೇಲಿದ್ದರೆ.

ಪರೀಕ್ಷೆಯ ದಿನ ಅತ್ತೆ ಭೀಮವ್ವನೂ ಬಂದರು. ಮೌಖಿಕ ಪರೀಕ್ಷೆ ಯಾರು ಬೇಕಾದರೂ ಕೂತು ಕೇಳಬಹುದಾದದ್ದು. ಕೊನೆಯ ಬೆಂಚಿನಲ್ಲಿ ಬುತ್ತಿ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತರು. ಮೂರ್ತಿ ಸಾರ್ ಅಧ್ಯಕ್ಷರು. ಮೇಜಿನ ನಡುವೆ ಫೋನಿಟ್ಟು ಧ್ವನಿ ಮುದ್ರಿಸುತ್ತಿದ್ದರು. ನಾನು ಹೋಲಿಕೆ ವರದಿ ಹಿಡಿದು ಒಂದು ಬದಿಯಲ್ಲಿದ್ದೆ. ರೆಡ್ಡಿ ಸಾರ್ ಎಂದರೆ ದಪ್ಪ ಕನ್ನಡಕ, ಹೆಗಲಿಗೆ ಬಟ್ಟೆಯ ಚೀಲ.

ಅವರು ಪ್ರಬಂಧದ ಒಂದು ‘ಅವರು’ ಮೇಲೆ ಬೆರಳಿಟ್ಟು ತೆಲುಗಿನಲ್ಲಿ ಮೆಲ್ಲಗೇ ಶುರು ಮಾಡಿದರು. “ಎವರಮ್ಮಾ ಈಯನ?” ಯಾರಮ್ಮಾ ಈತ?

“ತೆಲುಸು ಸಾರ್,” ಗೊತ್ತು ಎಂದಳು ನೀಲಮ್ಮ. ಆಮೇಲೆ, “ಚೆಪ್ಪಲೇನು.” ಹೇಳಲಾರೆ.

ಕೋಣೆಯ ಗಾಳಿ ಗಟ್ಟಿಯಾಯಿತು. ಗೊತ್ತು, ಹೇಳಲಾರೆ ಎಂದರೆ ಮುಚ್ಚಿಡುವುದಲ್ಲದೆ ಇನ್ನೇನು?

ಅವಳು ತಿದ್ದುಪಡಿಯ ಹಾಳೆ ಮುಂದೆ ಚಾಚಿದಳು. ಮೂರ್ತಿ ಸಾರ್ ಕೈಯಿಂದ ತಡೆದರು. “ಬರೆದದ್ದು ಯಾರು ಬೇಕಾದರೂ ಬರೆದುಕೊಡಬಹುದು. ಪ್ರಶ್ನೆ ಅದೇ ತಾನೆ ಇವತ್ತು? ಬಾಯಲ್ಲಿ ಹೇಳು. ರೆಕಾರ್ಡ್ ಆಗ್ತಾ ಇದೆ.”

ನಾನು, “ಸಾರ್, ಅವರ ಕಡೆ ಹೆಂಡತಿ ಗಂಡನ ಹೆಸರು...” ಎಂದೆ.

“ನೀವು ಹೇಳಬೇಡಿ ಮೇಡಮ್. ಆಕೆ ಹೇಳಲಿ.”

ಸರಿಯಾದ ಮಾತೇ. ನಾನು ಹೇಳಿದ್ದರೆ ಅದು ನನ್ನ ಉತ್ತರವಾಗುತ್ತಿತ್ತು.

ರೆಡ್ಡಿ ಸಾರ್ ಈಗ ನಿಜವಾಗಿ ಸಿಟ್ಟಾಗಿದ್ದರು. “ಒಬ್ಬ ಮೇಸ್ತ್ರಿ ಜೀವ ಅಂಗೈಲಿ ಹಿಡಿದು ಕಲಿತದ್ದನ್ನು ಬರೆದಿದ್ದಾನೆ. ಅವನ ಹೆಸರು ಹೇಳೋಕೂ ನಿನಗೆ ನಾಲಿಗೆ ಬರಲ್ವೇನಮ್ಮಾ?” ಎಂದು ತೆಲುಗಿನಲ್ಲಿ ಕೇಳಿದರು. ಆ ಮೇಸ್ತ್ರಿಯ ಪರವಾಗಿ ಅವನ ಹೆಂಡತಿಯನ್ನೇ ಗದರಿಸುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ನೀಲಮ್ಮನ ಕಣ್ಣು ತುಂಬಿತು. ಮೂರ್ತಿ ಸಾರ್ ಪೆನ್ನಿನ ಮುಚ್ಚಳ ತೆಗೆದರು.

ಇಲ್ಲಿ ನನ್ನ ನೆನಪು ಹೇಳುವುದು ಇದು. ನಾನು ಎದ್ದು ನಿಂತೆ. ಕನ್ನಡದಲ್ಲಿ, ಗಟ್ಟಿಯಾಗಿ, “ಒಡಪ ಹಾಕಿ ಹೇಳವ್ವಾ ನೀಲಮ್ಮ!” ಎಂದೆ. ನಮ್ಮ ಕಡೆ ಮದುವೆಗಳಲ್ಲಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಪ್ರಾಸದ ಸಾಲಿನಲ್ಲಿ ಮಡಚಿ ಹೇಳುತ್ತಾರೆ. ಅದು ಒಡಪು. ಹಾಗೆ ಹೇಳಿದರೆ ಯಾರ ಆಯುಷ್ಯಕ್ಕೂ ತೊಂದರೆಯಿಲ್ಲ, ಅತ್ತೆಯಂದಿರೇ ಹಟ ಹಿಡಿದು ಹೇಳಿಸುತ್ತಾರೆ. ಈ ನೆನಪು ಎಷ್ಟು ಚೆಂದವಾಗಿದೆ ಎಂದರೆ ನನಗೇ ಅನುಮಾನ. ಅದಕ್ಕೆ ಮುಂದೆ ಬರುತ್ತೇನೆ.

ಯಾರೋ ಹೇಳಿದರು, ಅಷ್ಟು ಖಂಡಿತ. ನೀಲಮ್ಮ ಸೆರಗು ತಲೆಯ ಮೇಲೆಳೆದುಕೊಂಡಳು, ಮೇಜಿನ ಮೇಲಿನ ಫೋನಿನ ಕಡೆ ಬಾಗಿದಳು, ದಿನವೂ ಫೋನಿಗೆ ಹೇಳಿ ಬರೆಸಿ ರೂಢಿಯಿದ್ದವಳಲ್ಲವೇ, ಹೇಳಿದಳು:

“ಬಿದಿರಿನ ಗಳ ಕಟ್ಟಿ ಏರ್ಯಾರ ಮ್ಯಾಲ,
ಕೆಳಗಿದ್ದವರ ಕಾಳಜಿ ಅವರಿಗಿ ಭಾಳ,
ಪುಸ್ತಕದ ಆರನೇ ಪುಟದಾಗ ಬರದಾರ ಚಂದಾಗಿ,
ಮಲ್ಲಪ್ಪನವರ ಹೆಸರ ಹೇಳತೀನಿ ಎಲ್ಲಾರ ಮುಂದಾಗಿ!”

ಮೂರ್ತಿ ಸಾರ್ ಪೆನ್ನು ಹಿಡಿದೇ ಕೂತಿದ್ದರು. ರೆಡ್ಡಿ ಸಾರ್‌ಗೆ ಕನ್ನಡ ಬಾರದು, ಆದರೆ ಮುಖ ಅರಳುತ್ತಾ ಬಂತು. “ಆಗಂಡಿ, ಆಗಂಡಿ,” ತಾಳಿ ಎಂದರು. “ಮಲ್ಲಪ್ಪ ಈಕೆಯ ಗಂಡನಾ? ಅರೆ, ಇದಿ ಮಾ ದಗ್ಗರ ಕೂಡಾ ಉಂದಿ!” ನಮ್ಮಲ್ಲೂ ಇದೆ ಎಂದು ಮೇಜು ಕುಟ್ಟಿದರು. ಮದುವೆಯ ದಿನ ಅವರ ಅಕ್ಕಂದಿರು ಹೆಂಡತಿಯನ್ನು ಹೊಸ್ತಿಲಲ್ಲೇ ತಡೆದು, ಹೆಸರು ಹೇಳಿದ ಮೇಲೇ ಒಳಗೆ ಬಿಟ್ಟಿದ್ದರಂತೆ.

ನಾನು ಒಡಪನ್ನು ಸಾಲುಸಾಲಾಗಿ ತೆಲುಗಿಗೆ ತಂದೆ. ಆರನೇ ಪುಟ ಎಂದ ಕೂಡಲೇ ಅವರ ನಗು ನಿಂತಿತು. ಚೀಲದಿಂದ ತಮ್ಮ ತೆಲುಗು ಕೈಪಿಡಿ ತೆಗೆದು ಪುಟ ತಿರುವಿದರು, ಬೆರಳಿಟ್ಟು ಓದಿದರು. ಕೆಳಗೆ ನಿಂತವರ ತಲೆಯ ಮೇಲೆ ಏನೂ ಬೀಳದಂತೆ ಹಲಗೆ ಹೇಗೆ ಹಾಕಬೇಕು ಎಂಬ ಭಾಗ. ಪುಸ್ತಕವನ್ನು ತೆರೆದಂತೆಯೇ ಮೂರ್ತಿ ಸಾರ್ ಕಡೆ ತಳ್ಳಿದರು.

“ಆರನೇ ಪುಟವೇ. ಲೇಖಕ, ಪುಸ್ತಕ, ಪುಟ, ವಿಷಯ. ಇನ್ನೇನು ಬೇಕು ಸಾರ್ ನಿಮಗೆ?”

ಮೂರ್ತಿ ಸಾರ್ ಗಂಟಲು ಸರಿಮಾಡಿಕೊಂಡರು. “ಪ್ರಾಸ ಕಡ್ಡಾಯವಲ್ಲ ಅಂತ ಮಿನಿಟ್ಸ್‌ನಲ್ಲಿ ಬರೆಯಬೇಕಾಗುತ್ತೆ” ಎಂದರು. ಅವರು ನನ್ನ ಎದುರು ಮಾಡಿದ ಏಕೈಕ ತಮಾಷೆ ಇದು, ಅಥವಾ ಅವರು ಗಂಭೀರವಾಗಿಯೇ ಹೇಳಿದ್ದಿರಬಹುದು.

ಮುಚ್ಚಿಟ್ಟದ್ದಲ್ಲ ಎಂದು ತೀರ್ಮಾನವಾಯಿತು. ತಿದ್ದುಪಡಿಯ ಹಾಳೆ ಈಗ ಅವರೇ ಕೇಳಿ ತೆಗೆದುಕೊಂಡರು. ಭೀಮವ್ವ ಬುತ್ತಿ ಗಂಟು ಬಿಚ್ಚಿ ಪರೀಕ್ಷಕರ ಮುಂದೆಯೇ ಶೇಂಗಾ ಹೋಳಿಗೆ ಹಂಚಿದರು. ರೆಡ್ಡಿ ಸಾರ್ ತಿನ್ನುತ್ತಲೇ ಸಂಘದವರಿಗೆ ಫೋನ್ ಹಚ್ಚಿ, ಮುಂದಿನ ಮುದ್ರಣದಲ್ಲಿ ಮೇಸ್ತ್ರಿಯ ಹೆಸರು ಮುಖಪುಟಕ್ಕೆ ಬರದಿದ್ದರೆ ತರಗತಿಯಲ್ಲಿ ಪಾಠ ಮಾಡುವುದಿಲ್ಲ ಎಂದು ಗುಡುಗಿದರು. ಬಂತು. ಒಂದು ಪ್ರತಿ ನನ್ನ ಕಪಾಟಿನಲ್ಲಿದೆ, ‘ಮಲ್ಲಪ್ಪ’ ಎಂದು ದಪ್ಪಕ್ಷರದಲ್ಲಿ. ನೀಲಮ್ಮನಿಗೆ ಪದವಿ ಬಂತು, ಕೆಲಸವೂ. ಈಗ ಪಟಾನ್‌ಚೆರುವಿನಲ್ಲಿ ಹೊಸ ಕೂಲಿಗಳಿಗೆ ಅದೇ ಆರನೇ ಪುಟ ಓದಿ ಹೇಳುತ್ತಾಳೆ. ಮಲ್ಲಪ್ಪ ಇವತ್ತಿಗೂ ದಿನಾ ಮೇಲೇರುತ್ತಾನೆ, ದಿನಾ ಕೆಳಗಿಳಿದು ಮನೆಗೆ ಬರುತ್ತಾನೆ. (ಆಕರ: ನೀಲಮ್ಮ, ಈ ವಾರ, ಫೋನಿನಲ್ಲಿ. ಒಡಪನ್ನೂ ಅವಳಿಂದಲೇ ಮತ್ತೆ ಹೇಳಿಸಿ ಬರೆದುಕೊಂಡೆ.)

ಅದೇ ಫೋನಿನಲ್ಲಿ ಕೇಳಿದೆ. “ಒಡಪ ಹಾಕು ಅಂತ ನಿನಗ ಹೇಳಿದ್ದು ನಾನ ಅಲ್ಲೇನು?”

ಅವಳು ನಕ್ಕಳು. “ನೀವು ಎದ್ದು ನಿಂತಿದ್ದು ಖರೆ ರೀ ಮೇಡಮ್. ಆದ್ರ ನೀವು ಅಂದಿದ್ದು ‘ನೀರು ಕುಡಿ’ ಅಂತ.”

“ನೀರು ಕುಡಿ?”

“ಹೂಂ ರೀ. ಒಡಪ ಅಂದವ್ರು ಅತ್ತಿ. ಹಿಂದಿನ ಬೆಂಚಿಂದ ಒದರಿದ್ರು, ‘ಲಗ್ನದಾಗ ನಾಕ ಮಂದಿ ನಡುವ ಹೇಳಿದಾಕಿ, ಇಲ್ಲಿ ಯಾಕ ಕಲ್ಲಾಗಿ? ಒಡಪ ಹಾಕಿ ಒಗದ ಬಿಡು!’ ಅಂತ.”

ಧ್ವನಿಮುದ್ರಣ ಕೇಳಿ ನೋಡೋಣವೆಂದರೆ ಅದು ಯಾವಾಗಲೋ ಅಳಿಸಿಹೋಗಿದೆ (ಆಕರ: ನನ್ನ ಕುರ್ಚಿಯ ಹುಡುಗಿ). ಉಳಿದದ್ದು ಇಬ್ಬರ ಮಾತು. ಭಯದಲ್ಲಿ ನಿಂತವಳಿಗೆ ಕೈ ಯಾರು ಕೊಟ್ಟರೆಂಬುದು ನನಗಿಂತ ಅವಳಿಗೇ ಚೆನ್ನಾಗಿ ನೆನಪಿರಬೇಕು. ನೀರು ಕುಡಿ ಎನ್ನುವುದು ನನ್ನ ಸ್ವಭಾವವೂ ಹೌದು. ಗ್ರಂಥಾಲಯಕ್ಕೆ ಅಳುತ್ತ ಬಂದವರಿಗೆಲ್ಲ ನಾನು ಮೊದಲು ಹೇಳುತ್ತಿದ್ದದ್ದು ಅದೇ. ಈ ಕಥನಕ್ಕೆ ಕೂರದೆ, ಕಂಸಗಳ ಹಟ ಹಿಡಿಯದೆ ಇದ್ದಿದ್ದರೆ ಭೀಮವ್ವನ ಅತಿ ಒಳ್ಳೆಯ ಮಾತು ನನ್ನ ಹೆಸರಿನಲ್ಲಿ ಅಚ್ಚಾಗುತ್ತಿತ್ತು. ಯಾವ ಯಂತ್ರವೂ ಅದಕ್ಕೆ ಗೆರೆ ಎಳೆಯುತ್ತಿರಲಿಲ್ಲ. ಅದನ್ನು ಹಿಡಿದೆ. ನಿವೃತ್ತಿಯ ನಂತರ ನಾನು ಹಿಡಿದ ಮೊದಲ ಪ್ರಕರಣ. ಕೈ ಇನ್ನೂ ಜಡ್ಡುಗಟ್ಟಿಲ್ಲವೆಂದು ಹಿಗ್ಗಿದೆ.

ಫೋನನ್ನು ಭೀಮವ್ವನಿಗೆ ಕೊಡಿಸಿದೆ.

“ನಾ ಅಂದಿದ್ನೋ ಇಲ್ಲೋ, ನನಗೇನ ನೆಪ್ಪೈತಿ?” ಎಂದರು. “ಸಿಟ್ಟ ಬಂದಿತ್ತ ನೋಡು. ಅಕಿ ಹಂಗಂತಾಳ ಅಂದ್ರ ಅಂದಿರಬೇಕು. ಯಾಕ, ಬರಕೊಳ್ಳಾಕತ್ತೀಯೇನ?”

“ಹೂಂ ಅತ್ತಿ. ನಿಮ್ಮ ಹೆಸರ ಹಾಕಾಕ ಬೇಕು.”

“ಹಾಕ್ತಿ ಅಂದ್ರ ಪೂರಾ ಹಾಕು. ಬರೇ ಭೀಮವ್ವ ಅಂದ್ರ ಕೂಕಟ್‌ಪಲ್ಲಿ ತುಂಬಾ ಭೀಮವ್ವಗೋಳು ಅದಾರ. ಯಾ ಭೀಮವ್ವ ಅಂತ ಓದಿದವ್ರಿಗಿ ತಿಳೀಬ್ಯಾಡೇನು?”

ಹೌದಲ್ಲ ಎಂದು ಪೆನ್ನು ಹಿಡಿದೆ. ಪೂರಾ ಹೆಸರೆಂದರೆ ಗಂಡನ ಹೆಸರೂ ಬೇಕು. ಆ ತುದಿಯಲ್ಲಿ ಒಬ್ಬ ಮುದುಕ ಕೆಮ್ಮುತ್ತಾ ನಗುವುದು ಕೇಳಿಸಿತು. “ಸುಮ್ಮನ ಕುಂದರ್ರಿ ಅತ್ತಾಗ!” ಎಂದು ಅವನನ್ನು ಗದರಿ, ಭೀಮವ್ವ ಗಂಟಲು ಕೆರೆದುಕೊಂಡರು:

“ಪಟಾನ್‌ಚೆರು ಬಸ್ಸಿನಾಗ ಕಿಡಕೀ ಬಾಜೂ ಜಾಗ
ಹಿಡದು ಇಡತಿದ್ರು ನನಗಂತ ಕೂಲಿಗೆ ಹೋಗುವಾಗ,
ಅಂಥಾ ಹನಮಪ್ಪನವರ ಮನಿಯಾಕಿ ಭೀಮವ್ವ, ಬರಕೋ ಕಾಗದದಾಗ!”

(ಆಕರ: ಭೀಮವ್ವ, ಫೋನಿನಲ್ಲಿ. ಅವರು ಹೇಳುತ್ತಿದ್ದಂತೆಯೇ ಬರೆದುಕೊಂಡದ್ದು. ಇದರಲ್ಲಿ ನನ್ನದು ಒಂದಕ್ಷರವೂ ಇಲ್ಲ.)